ಲೀಲಾ ಮನೆಗೆ ಹೇಗೆ ಹೋದಳು?

ನಾಟಕ ಮುಗಿದು ಒಂಬತ್ತು ದಿನ ಆಯಿತು. ಇನ್ನೂ ಮೆಸೇಜ್‌ಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂತ ಎರಡು ಸಂಜೆ ಕೂತೆ. ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ.

ಕಳೆದ ವರ್ಷ ನನಗೆ ಏನಾಯಿತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅದನ್ನು ಮತ್ತೆ ಇಲ್ಲಿ ಬಿಡಿಸಿ ಹೇಳಲ್ಲ.

ಮೊದಲು ಎಲ್ಲರಿಗೂ ನಮಸ್ಕಾರ ಹೇಳಿಬಿಡುತ್ತೇನೆ. ನಾಲ್ಕು ತಿಂಗಳು ತಮ್ಮ ಬೇಸ್‌ಮೆಂಟನ್ನು ನಮಗೆ ಬಿಟ್ಟುಕೊಟ್ಟ ದಂಪತಿಗೆ, ಲೈಟು ಮತ್ತು ಮೈಕು ನೋಡಿಕೊಂಡ ಇಬ್ಬರು ಹುಡುಗರಿಗೆ, ಶನಿವಾರ ಶನಿವಾರ ಚಿತ್ರಾನ್ನ, ಬಿಸಿಬೇಳೆಬಾತ್ ತಂದವರಿಗೆ, ಮಕ್ಕಳನ್ನು ಮೇಲಿನ ಮನೆಯಲ್ಲಿ ಹಿಡಿದು ಕೂರಿಸಿದ ಅಜ್ಜಿಯಂದಿರಿಗೆ, ಯುಗಾದಿ ಕಾರ್ಯಕ್ರಮದಲ್ಲಿ 70 ನಿಮಿಷ ಸಮಯ ಕೊಟ್ಟ ಸಂಘದ ಕಮಿಟಿಗೆ. ಸಾಲು ಒಂದೇ ಆದರೂ ಋಣ ದೊಡ್ಡದು.

ಈ ನಾಟಕ ಹುಟ್ಟಿದ್ದು ಒಂದು ಹಳೆಯ ಸಿನಿಮಾದಿಂದ. 1972ರ 'ದಿ ಹಾರ್ಟ್‌ಬ್ರೇಕ್ ಕಿಡ್'. ಎಲೈನ್ ಮೇ ನಿರ್ದೇಶನ, ನೀಲ್ ಸೈಮನ್ ಚಿತ್ರಕಥೆ, ಅದಕ್ಕೂ ಹಿಂದೆ ಬ್ರೂಸ್ ಜೇ ಫ್ರೀಡ್‌ಮನ್ ಅವರ ಒಂದು ಸಣ್ಣ ಕಥೆ. ನ್ಯೂಯಾರ್ಕಿನ ಲೆನ್ನಿ ಎಂಬ ಹುಡುಗ ಮದುವೆಯಾಗುತ್ತಾನೆ. ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಮಿಯಾಮಿ ಬೀಚಿಗೆ ಹನಿಮೂನ್‌ಗೆ ಹೊರಡುತ್ತಾನೆ. ಅಲ್ಲಿ ಅವಳಿಗೆ ಬಿಸಿಲಲ್ಲಿ ಮೈ ಸುಡುತ್ತದೆ. ಮೈಗೆಲ್ಲ ಕ್ರೀಮ್ ಬಳಿದುಕೊಂಡು ರೂಮಿನಲ್ಲಿ ಮಲಗಿರುತ್ತಾಳೆ. ಇವನು ಹೊರಗೆ ಮಿನ್ನೆಸೋಟದಿಂದ ಬಂದ ಇನ್ನೊಬ್ಬ ಹುಡುಗಿಯನ್ನು ನೋಡಿ ಮನಸ್ಸು ಕಳೆದುಕೊಳ್ಳುತ್ತಾನೆ. ಮದುವೆಯಾಗಿ ವಾರವೂ ಕಳೆದಿಲ್ಲ. ಆಮೇಲೆ ಆ ಹುಡುಗಿಯ ಬೆನ್ನು ಹತ್ತಿ ಇಲ್ಲಿಗೇ, ನಮ್ಮ ಮಿನ್ನಿಯಾಪೊಲಿಸ್‌ಗೇ, ಚಳಿಗಾಲದಲ್ಲಿ ಬಂದಿಳಿಯುತ್ತಾನೆ.

ನಮ್ಮೂರು ಬರುತ್ತೆ ಅನ್ನುವ ಒಂದೇ ಕಾರಣಕ್ಕೆ ನಾನು ಈ ಕಥೆಯನ್ನು ಕಮಿಟಿ ಮುಂದೆ ಇಟ್ಟಿದ್ದು. ಹಿಮ, ಬೂಟು, ದಪ್ಪ ಜಾಕೆಟ್ಟು, ಹುಡುಗಿಯ ಅಪ್ಪನ ಕೋಪ. ನಮ್ಮವರಿಗೆ ಇದೆಲ್ಲ ಹತ್ತಿರದ್ದು ಅಲ್ವಾ? ಮಾತುಗಳನ್ನು ಅಲ್ಲಿಂದ ತರಲಿಲ್ಲ. ಗಂಟು ಮಾತ್ರ ಅಲ್ಲಿಯದು, ಮಾತು, ಮನೆ, ಜನ ಎಲ್ಲ ನಮ್ಮದು. ನಮ್ಮಲ್ಲಿ ಇದಕ್ಕೆ ರೂಪಾಂತರ ಅನ್ನುವ ಒಳ್ಳೆಯ ಪದ ಇದೆ. ಬಿ.ಎಂ.ಶ್ರೀ ಅವರು ಗ್ರೀಕರ ಏಜಾಕ್ಸ್‌ನನ್ನು ನಮ್ಮ ಅಶ್ವತ್ಥಾಮನನ್ನಾಗಿ ಮಾಡಿದ ನಾಡು ನಮ್ಮದು. ಆ ಧೈರ್ಯದಲ್ಲೇ ಕೈ ಹಾಕಿದೆ.

ಸಿನಿಮಾದಲ್ಲಿ ಆ ಹೆಂಡತಿಯ ಹೆಸರು ಲೈಲಾ. ಅಕ್ಷರ ಓದಿದರೆ ಲೀಲಾ. ಅದನ್ನು ಬದಲಿಸುವ ಅಗತ್ಯವೇ ಬರಲಿಲ್ಲ.

2007ರಲ್ಲಿ ಫಾರೆಲಿ ಸಹೋದರರು ಇದನ್ನು ಮತ್ತೆ ಸಿನಿಮಾ ಮಾಡಿದರು. ಬೆನ್ ಸ್ಟಿಲ್ಲರ್ ಗಂಡ. ಮಿಯಾಮಿ ಬದಲು ಮೆಕ್ಸಿಕೋದ ಕಾಬೋ. ನಾನು ಎರಡನ್ನೂ ಒಂದೇ ವಾರದಲ್ಲಿ ನೋಡಿದೆ. ಹೊಸದರಲ್ಲಿ ಹೆಂಡತಿಯನ್ನು ಸಹಿಸಲಾಗದವಳನ್ನಾಗಿ ಮಾಡಿಬಿಟ್ಟಿದ್ದಾರೆ. ಇವಳನ್ನು ಬಿಟ್ಟರೆ ತಪ್ಪೇನು ಅಂತ ನಮಗೇ ಅನಿಸಬೇಕು, ಹಾಗೆ. ಹಳೆಯದರಲ್ಲಿ ಹಾಗಿಲ್ಲ. ಲೈಲಾ ಜೋರಾಗಿ ಹಾಡುತ್ತಾಳೆ, ಮುಖಕ್ಕೆಲ್ಲ ಮೆತ್ತಿಕೊಂಡು ತಿನ್ನುತ್ತಾಳೆ, ಪದೇ ಪದೇ ಪ್ರೀತಿ ಇದೆಯಾ ಅಂತ ಕೇಳುತ್ತಾಳೆ. ಅಷ್ಟೇ ಅವಳ ತಪ್ಪು. ಆ ಪಾತ್ರ ಮಾಡಿದ ಜೀನಿ ಬರ್ಲಿನ್ ನಿರ್ದೇಶಕಿಯ ಸ್ವಂತ ಮಗಳು. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಗಂಡ ಅವಳನ್ನು ಊಟಕ್ಕೆ ಕರೆದುಕೊಂಡು ಹೋಗಿ, ಪೆಕನ್ ಪೈ ಖಾಲಿಯಾಗಿದೆ ಅಂತ ಹೋಟೆಲಿನವರ ಮೇಲೆ ರೇಗಾಡುತ್ತಾನೆ. ಹೇಳಬೇಕಾದ ಮಾತು ಬಾಯಿಗೆ ಬರುತ್ತಿಲ್ಲ, ಅದಕ್ಕೆ. ಆ ಹೊತ್ತಲ್ಲಿ ಮಗಳ ಮುಖವನ್ನು ಕ್ಯಾಮೆರಾ ಹಿಂದೆ ನಿಂತು ತಾಯಿ ನೋಡುತ್ತಿದ್ದಾಳೆ. ಇದನ್ನು ನಾನು ಮನಸ್ಸಿಂದ ತೆಗೆಯಲಾಗಲಿಲ್ಲ.

ಆದರೂ ಮೊದಲ ಸಲ ಬರೆದಾಗ ನಾನೂ ಲೀಲಾಳನ್ನು ನಗಿಸುವುದಕ್ಕೇ ಬಳಸಿದೆ. ಹಬ್ಬದ ನಾಟಕ, ಜನ ನಗಬೇಕು ಅಂತ. ಪೆಕನ್ ಪೈ ಜಾಗದಲ್ಲಿ ಕೇಸರಿಬಾತ್ ಇಟ್ಟೆ.

ಜನವರಿಯಲ್ಲಿ ಮೊದಲ ಓದು. ಬೇಸ್‌ಮೆಂಟಿನಲ್ಲಿ ಹದಿನಾಲ್ಕು ಜನ. ಹೋಟೆಲಿನ ಸೀನ್ ಬಂತು. ಅವನು ಹೇಳುತ್ತಾನೆ, ಲೀಲಾ ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿಸಿಕೊಳ್ಳುತ್ತಾಳೆ. ಎಲ್ಲರೂ ನಕ್ಕರು. ಅವರ ತಪ್ಪಲ್ಲ, ನಗುವ ಹಾಗೆ ಬರೆದವಳು ನಾನೇ. ಆದರೆ ಆ ನಗು ಕೇಳಿದ್ದೇ ನನ್ನ ಕೈಕಾಲು ತಣ್ಣಗಾಯಿತು. ನೀರು ಕುಡಿದು ಬರ್ತೀನಿ ಅಂತ ಎದ್ದೆ. ಜಾಕೆಟ್ಟನ್ನೂ ಹಾಕಿಕೊಳ್ಳದೆ ಹೊರಗೆ ಹೋಗಿ ಕಾರಿನಲ್ಲಿ ಕೂತೆ. ಕೀ ಕೈಯಲ್ಲೇ ಇತ್ತು. ಕಾರು ಶುರು ಮಾಡಬೇಕು ಅಂತಲೂ ಹೊಳೆಯಲಿಲ್ಲ.

ಇನ್ನು ಅಕ್ಕನ ವಿಷಯ. ಹೆಸರು ಬರೀಬೇಡ ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಾರೆ. ನಾಟಕದ ಬಟ್ಟೆಗಳನ್ನೆಲ್ಲ ಹೊಲಿದವರು ಅಂದರೆ ನಿಮಗೆ ಗೊತ್ತಾಗುತ್ತದೆ. ಹಾಸನದವರು, ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಅವತ್ತು ಓದಿಗೆ ಅಂತ ಬಂದವರೂ ಅಲ್ಲ. ಮೆಟ್ಟಿಲ ಮೇಲೆ ಕೂತು ಸೀರೆಗೆ ಫಾಲ್ ಹಾಕುತ್ತಿದ್ದರು. ನಾನು ಎದ್ದು ಹೋಗಿದ್ದನ್ನು ನೋಡಿದವರು ಅವರೊಬ್ಬರೇ.

ಸ್ವಲ್ಪ ಹೊತ್ತಿಗೆ ಕಾರಿನ ಇನ್ನೊಂದು ಬಾಗಿಲು ತೆರೆಯಿತು. ನನ್ನ ಜಾಕೆಟ್ಟನ್ನು ಮಡಿಲಿಗೆ ಹಾಕಿ ಪಕ್ಕದಲ್ಲಿ ಕೂತರು. ಏನೂ ಕೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ, "ಹೀಟರ್ ಹಾಕು ಕಣೇ, ಕಾಲು ಮರಗಟ್ತಿದೆ" ಅಂದರು. ಹಾಕಿದೆ. ಅವರ ಥರ್ಮಾಸಿನಲ್ಲಿ ಶುಂಠಿ ಕಷಾಯ ಇತ್ತು. ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟರು. ನಾನು ಅಳುವುದಕ್ಕೆ ಶುರು ಮಾಡಿದ್ದು ಆಗ. ಮನೆಯವರಿಗೆ ಫೋನ್ ಮಾಡಿ "ನಾನು ಇವತ್ತು ಬರಲ್ಲ, ಬಾಗಿಲು ಹಾಕ್ಕೊಳಿ" ಅಂದರು. ನನ್ನನ್ನು ಈ ಕಡೆ ಸೀಟಿಗೆ ಕೂರಿಸಿ, ನನ್ನ ಕಾರನ್ನು ತಾವೇ ಓಡಿಸಿಕೊಂಡು ನನ್ನ ಮನೆಗೆ ಬಂದರು.

ಆ ರಾತ್ರಿ ನಾನು ಎಲ್ಲ ಹೇಳಿದೆ. ನಿಮಗೆ ಗೊತ್ತಿರುವುದು, ಗೊತ್ತಿಲ್ಲದ್ದು, ಅಮ್ಮನಿಗೂ ಹೇಳದೇ ಇದ್ದದ್ದು. ಸೋಫಾ ಮೇಲೆ ಕಾಲು ಮಡಚಿ ಕೂತು ಕೇಳಿಸಿಕೊಂಡರು. ಬುದ್ಧಿ ಹೇಳಲಿಲ್ಲ. ಅವನನ್ನು ಬೈಯಲೂ ಇಲ್ಲ. ಬೈದಿದ್ದರೆ ನಾನು ಅವನ ಪರ ಮಾತಾಡುತ್ತಿದ್ದೆನೇನೋ. ಐದು ಗಂಟೆ ಹೊತ್ತಿಗೆ ನನ್ನ ಮಾತೂ ಮುಗಿಯಿತು, ಅಳುವೂ ಮುಗಿಯಿತು. ಆಗ ಅಕ್ಕ ಕೇಳಿದರು.

"ಅದಿರ್ಲಿ, ಆ ಲೀಲಾ ಆಮೇಲೆ ಮನೆಗೆ ಹೇಗೆ ಹೋದ್ಲು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾ ಅದನ್ನು ಹೇಳುವುದಿಲ್ಲ. ಹೋಟೆಲಿನ ಆ ಸೀನ್ ಆದಮೇಲೆ ಕಥೆ ಗಂಡನ ಹಿಂದೆ ಮಿನ್ನಿಯಾಪೊಲಿಸ್‌ಗೆ ಹೊರಟುಬಿಡುತ್ತದೆ. ಅವಳು ಏನಾದಳು? ಸುಟ್ಟ ಮೈ ಇಟ್ಟುಕೊಂಡು, ಹೊಸ ಬಟ್ಟೆ ತುಂಬಿದ ಪೆಟ್ಟಿಗೆ ಹಿಡಿದುಕೊಂಡು ಯಾವ ದಾರಿಯಲ್ಲಿ ಹೋದಳು? ನಾನೂ ಯೋಚನೆ ಮಾಡಿರಲಿಲ್ಲ. ನಾನು!

ಯಾಕೆಂದರೆ ನನ್ನನ್ನೂ ಯಾರೂ ಇದನ್ನು ಕೇಳಿರಲಿಲ್ಲ. ಯಾಕಾಯ್ತು ಅಂತ ಕೇಳಿದರು. ಯಾರ ತಪ್ಪು ಅಂತ ಕೇಳಿದರು. ಸರಿಹೋಗಲ್ವಾ ಅಂತ ಎಷ್ಟು ಜನ ಕೇಳಿದರೋ. ಅವತ್ತು ಮನೆಗೆ ಹೇಗೆ ಬಂದೆ ಅಂತ ಒಬ್ಬರೂ ಕೇಳಲಿಲ್ಲ. ಟ್ಯಾಕ್ಸಿಯಲ್ಲಿ ಬಂದೆ. ಎರಡು ಬ್ಯಾಗ್ ಇತ್ತು. ಸೀಟ್ ಬೆಲ್ಟ್ ಸಿಕ್ಕಿಸಲು ಆಗುತ್ತಿರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಡ್ರೈವರ್ ಇಳಿದು ಬಂದು ತಾನೇ ಹಾಕಿ ಹೋದ. ವಯಸ್ಸಾದವನು. ಒಂದು ಮಾತೂ ಆಡಲಿಲ್ಲ. ಆ ಮನುಷ್ಯ ಇದನ್ನು ಓದುವುದಿಲ್ಲ, ಅವನಿಗೆ ಕನ್ನಡವೂ ಬರುವುದಿಲ್ಲ. ಆದರೂ ಅವನಿಗೂ ಥ್ಯಾಂಕ್ಸ್.

ಬೆಳಿಗ್ಗೆ ಅಕ್ಕ ನನ್ನ ಡಬ್ಬಗಳನ್ನೆಲ್ಲ ಹುಡುಕಿ ಉಪ್ಪಿಟ್ಟು ಮಾಡಿದರು. ತಿಂದಾದ ಮೇಲೆ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟು, "ಬರಿ" ಅಂದರು.

ಹೀಗೆ ಬಂದದ್ದು ಆರನೆಯ ದೃಶ್ಯ. ಮಿಯಾಮಿ ಏರ್‌ಪೋರ್ಟಿನಲ್ಲಿ ಲೀಲಾ ಒಬ್ಬಳೇ. ಕೆಂಪು ಸೂಟ್‌ಕೇಸು, ಸಿಪ್ಪೆ ಏಳುತ್ತಿರುವ ಮೂಗು. ಅಮ್ಮನಿಗೆ ಫೋನ್ ಮಾಡುತ್ತಾಳೆ. ಆದದ್ದನ್ನು ಹೇಳುವುದಿಲ್ಲ. ಸಮುದ್ರ ಹೇಗಿತ್ತು, ಏನು ತಿಂದೆ, ಕೇಸರಿಬಾತಿಗೆ ಎಷ್ಟು ತುಪ್ಪ ಹಾಕಿದ್ದರು, ಬರೀ ಇದನ್ನೇ ಹೇಳುತ್ತಾಳೆ. ಅಮ್ಮನಿಗೆ ಗೊತ್ತಾಗುತ್ತದೆ. ಉಳಿದ ಸೀನ್‌ಗಳನ್ನೂ ಆಮೇಲೆ ತಿದ್ದಿದೆ. ಲೀಲಾಳ ಮಾತಿಗೆ ಈಗಲೂ ಜನ ನಗುತ್ತಾರೆ. ಆದರೆ ಈಗ ಅವಳು ತಾನೂ ನಗುತ್ತಾ ಹೇಳುವ ಮಾತುಗಳಿಗೆ ನಗುತ್ತಾರೆ. ಲೀಲಾ ಆದ ಹುಡುಗಿ ಈ ವ್ಯತ್ಯಾಸವನ್ನು ನನಗಿಂತ ಬೇಗ ಹಿಡಿದಳು. ಗಂಡನ ಪಾತ್ರ ಮಾಡಿದವರೂ ಅಷ್ಟೇ. ಜನ ನನ್ನನ್ನು ಇಷ್ಟಪಡೋದು ಬೇಡ, ನಂಬಿದರೆ ಸಾಕು ಅಂದರು. ಮಿನ್ನೆಸೋಟದ ಮಾವನಾಗಿ ಹುರುಳಿಕಾಯಿ ಪಲ್ಯ ಬಡಿಸುತ್ತಲೇ ಅಳಿಯನನ್ನು ಜಾಲಾಡಿದ ಅಂಕಲ್‌ಗೆ ಅವತ್ತು ಬಿದ್ದ ಚಪ್ಪಾಳೆ ನಿಮಗೇ ನೆನಪಿದೆ.

ಕಾರ್ಯಕ್ರಮದ ದಿನ ಏನಾಯಿತು ಅಂತ ಸಭೆಯಲ್ಲಿ ಕೂತವರಿಗೆ ಗೊತ್ತಿಲ್ಲ. ಫೋನಿನಲ್ಲಿ ಅಮ್ಮನ ದನಿ ಕೊಡಬೇಕಾದವರು ಊರಿಂದ ವಾಪಸ್ ಬರುತ್ತಿದ್ದರು. ಅವರ ವಿಮಾನ ತಡವಾಯಿತು. ಮೈಕ್ ಹಿಡಿಯಲು ಯಾರೂ ಇಲ್ಲ. ಸೈಡ್ ವಿಂಗ್‌ನಲ್ಲಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಯಾರದೋ ಸೆರಗು ಸರಿ ಮಾಡುತ್ತಿದ್ದ ಅಕ್ಕನ ಕೈಗೆ ಸ್ಕ್ರಿಪ್ಟ್ ಕೊಟ್ಟೆ. "ನಂಗೆ ಬರಲ್ಲ ಕಣೇ" ಅಂದರು. "ಓದಿ ಅಕ್ಕ, ಸಾಕು" ಅಂದೆ. ಓದಿದರು. ಕೊನೆಯ ಪುಟಕ್ಕೆ ಬಂದಾಗ ಹಾಳೆಯನ್ನು ಕೆಳಗಿಳಿಸಿಬಿಟ್ಟರು. ನಾನು ಬರೆದಿದ್ದ ಮಾತು ಹೇಳಲೇ ಇಲ್ಲ. ಸ್ಟೇಜಿನ ಮೇಲಿದ್ದ ಹುಡುಗಿಯನ್ನೇ ನೋಡುತ್ತಾ, "ವಿಮಾನ ಹತ್ತೋವರೆಗೂ ಫೋನ್ ಇಡ್ಬೇಡ ಮಗಳೇ. ಮಾತಾಡ್ಲಿಲ್ಲ ಅಂದ್ರೂ ಪರವಾಗಿಲ್ಲ. ಇಟ್ಕೊಂಡೇ ಇರು" ಅಂದರು.

ಲೀಲಾ, "ಇಡಲ್ಲಮ್ಮ" ಅಂದಳು. ಅದೂ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಲೈಟು ಆರುವವರೆಗೂ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ನಾನು ಪರದೆಯ ಹಗ್ಗ ಹಿಡಿದು ನಿಂತಿದ್ದೆ. ಎಳೆಯಬೇಕು ಅಂತ ಗೊತ್ತಿತ್ತು, ಕೈ ಬರಲಿಲ್ಲ. ಲೈಟಿನ ಹುಡುಗ ಬಂದು ನನ್ನ ಕೈ ಮೇಲೆ ಕೈಯಿಟ್ಟು ಎಳೆದ.

ಆ ದೃಶ್ಯ ನೋಡಿ ನಿಮ್ಮಲ್ಲಿ ಮೂವರು ನನಗೆ ಬೇರೆಯಾಗಿ ಬರೆದಿದ್ದೀರಿ. ನಿಮಗೆ ಇಲ್ಲಿ ಉತ್ತರ ಕೊಡಲ್ಲ. ಫೋನ್ ಮಾಡುತ್ತೇನೆ, ಈ ವಾರವೇ.

ನಾನು ಈಗ ಚೆನ್ನಾಗಿದ್ದೇನೆ. ನಿದ್ದೆ ಬರುತ್ತಿದೆ. ಹೊಸ ಮನೆಗೆ ಒಂದೊಂದೇ ಪಾತ್ರೆ ಕೊಳ್ಳುತ್ತಿದ್ದೇನೆ. ಕೆಂಪು ಸೂಟ್‌ಕೇಸು ಯಾರದ್ದೋ ಗೊತ್ತಿಲ್ಲ, ನನ್ನ ಹತ್ತಿರವೇ ಇದೆ, ಬಂದು ತೆಗೆದುಕೊಂಡು ಹೋಗಿ. ಬಾಡಿಗೆಗೆ ತಂದ ಮೈಕುಗಳು ವಾಪಸ್ ಹೋಗಿವೆ.

ಅಕ್ಕ, ನಿಮ್ಮ ಥರ್ಮಾಸ್ ಜನವರಿಯಿಂದ ನನ್ನ ಕಾರಿನಲ್ಲೇ ಇದೆ. ಶನಿವಾರ ತಂದುಕೊಡುತ್ತೇನೆ. ಖಾಲಿ ತರಲ್ಲ. ಕಷಾಯ ಹೇಗೆ ಮಾಡೋದು ಅಂತ ಕೇಳಿದ್ದೆನಲ್ಲ, ನೀವು ಹೇಳಿದ ಹಾಗೇ ಎರಡು ಸಲ ಮಾಡಿ ನೋಡಿದ್ದೇನೆ. ಬೆಲ್ಲ ಸ್ವಲ್ಪ ಜಾಸ್ತಿ ಆಗುತ್ತೆ. ಮನೆಯಲ್ಲಿರಿ.