ಕೊಲ್ಮಾರ್‌ನಿಂದ ಡಾಕ್ಟರ್ ಗೆಳೆಯನಿಗೊಂದು ಪತ್ರ

ಪ್ರಿಯ ಡಾಕ್ಟರ,

ಫ್ರಾನ್ಸಿಗೆ ಬಂದು ಆಸ್ಪತ್ರೆಗಳನ್ನು ನೋಡುತ್ತ ತಿರುಗುತ್ತಿದ್ದೇನೆ ಎಂದರೆ ನೀನು ಮೊದಲು ನಗುತ್ತೀಯ, ಆಮೇಲೆ ಯಾರಿಗೆ ಏನಾಯಿತು ಎಂದು ಕೇಳುತ್ತೀಯ. ಯಾರಿಗೂ ಏನೂ ಆಗಿಲ್ಲ. ಇಬ್ಬರೂ ಚೆನ್ನಾಗಿದ್ದೇವೆ, ಚೆನ್ನಾಗಿಯೇ ತಿನ್ನುತ್ತಿದ್ದೇವೆ. ನೋಡಿದ ಆಸ್ಪತ್ರೆಗಳು ಐದಾರು ನೂರು ವರ್ಷ ಹಿಂದಿನವು. ಬೇರೆ ಯಾರಿಗಿಂತಲೂ ಮೊದಲು ನಿನಗೇ ಇದನ್ನೆಲ್ಲ ಬರೆಯಬೇಕು ಎನ್ನಿಸಿತು.

ಪ್ಯಾರಿಸ್ಸಿನ ಸುದ್ದಿಯನ್ನು ಬೇಗ ಮುಗಿಸುತ್ತೇನೆ. ಲೂವ್ರ್‌ನಲ್ಲಿ ಮೋನಾಲಿಸಾಳ ಮುಂದೆ ಮೊಬೈಲ್ ಎತ್ತಿದ ಕೈಗಳ ಕಾಡನ್ನು ಕಂಡದ್ದೇ ತಡ, ನಮ್ಮವಳು 'ಇವಳನ್ನು ಕ್ಯಾಲೆಂಡರಿನಲ್ಲೇ ನೋಡಿದ್ದೇನೆ, ನಡೆಯಿರಿ' ಎಂದು ಹಿಂದಿರುಗಿದಳು. ಆರಾಂಜೆರಿ ಮ್ಯೂಸಿಯಂನಲ್ಲಿ ಮಾತ್ರ ಅವಳನ್ನು ಎಬ್ಬಿಸುವುದೇ ಕಷ್ಟವಾಯಿತು. ಚಿತ್ರಕಾರ ಮೊನೆ ಬರೆದ ನೈದಿಲೆ ಕೊಳದ ಚಿತ್ರಗಳಿಗಾಗಿಯೇ ಕಟ್ಟಿದ ಎರಡು ಮೊಟ್ಟೆಯಾಕಾರದ ಕೋಣೆಗಳವು. ಬೆಳಕು ಮೇಲಿನಿಂದ ಬೀಳುತ್ತದೆ, ಹೊರಗೆ ಮೋಡ ಬಂದರೆ ಒಳಗಿನ ಕೊಳವೂ ಮಂಕಾಗುತ್ತದೆ. ನಮ್ಮ ಉಡುಪಿ ಸೀಮೆಯ ಕಟ್ಟಿಂಗೇರಿಯಿಂದ ಹೊರಟ ಚಿತ್ರಕಾರ ಕೆ.ಕೆ. ಹೆಬ್ಬಾರರು 1949–50ರಲ್ಲಿ ಇದೇ ಊರಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತರಲ್ಲ, ಅವರೂ ಈ ಕೋಣೆಗಳಲ್ಲಿ ಕುಳಿತಿರಬಹುದೇ ಎಂದು ನನಗೆ ನಾನೇ ಊಹಿಸಿಕೊಂಡೆ.

ಅಲ್ಲಿಂದ ಲಿಯೋನ್. ಊಟಕ್ಕೆ ಇಡೀ ಫ್ರಾನ್ಸೇ ಈ ಊರನ್ನು ಹೊಗಳುತ್ತದೆ. ಇಲ್ಲಿನ 'ಬುಷೋನ್' ಎಂಬ ಸಣ್ಣ ಊಟದ ಮನೆಗಳಲ್ಲಿ ಕರುಳು, ಜಠರ, ಹಂದಿಯ ತಲೆ ಯಾವುದನ್ನೂ ಬಿಡುವುದಿಲ್ಲ. ನಾನೇನೋ ಎಲ್ಲ ತಿನ್ನುವವನು. ಹೊಳೆಮೀನನ್ನು ಅರೆದು ಮಾಡಿದ ಕೆನೆಲ್ ಎಂಬ ಮೆತ್ತನೆಯ ಉಂಡೆಯನ್ನು ಸಿಗಡಿಯ ಗಸಿಯಲ್ಲಿ ಮುಳುಗಿಸಿ ತಂದಿಟ್ಟಾಗ ಮಾತೇ ನಿಂತಿತು. ನಮ್ಮವಳಿಗೆ ಸಿಕ್ಕಿದ್ದು ರೇಷ್ಮೆ ನೇಕಾರರ ತಿನಿಸು: ಮೆತ್ತನೆಯ ಹಸಿ ಚೀಸಿಗೆ ಬೆಳ್ಳುಳ್ಳಿ, ಈರುಳ್ಳಿ, ಎಳೆಸೊಪ್ಪು, ಒಂದಿಷ್ಟು ವಿನಿಗರ್ ಕಲಸಿದ್ದು. ಒಗ್ಗರಣೆಯೊಂದು ಬಿದ್ದಿದ್ದರೆ ನಮ್ಮ ಮೊಸರುಗೊಜ್ಜೇ. ಅದನ್ನು ತಿನ್ನುತ್ತಿದ್ದ ನೇಕಾರರು ಮೇಲಿನ ಕ್ರ್ವಾ-ರೂಸ್ ಗುಡ್ಡದ ಮೇಲೆ ಮಗ್ಗದ ಎತ್ತರಕ್ಕೆ ತಕ್ಕಂತೆ ಸೂರು ಎತ್ತರಿಸಿದ ಮನೆಗಳಲ್ಲಿ ಇದ್ದರು. ನಮ್ಮ ಸೀರೆಯ ಮಗ್ಗಗಳ ಮೇಲೂ ಕುಳಿತು ನೇಯ್ಗೆಯಲ್ಲಿ ಚಿತ್ತಾರ ಮೂಡಿಸುವ ಜಕಾರ್ಡ್ ಯಂತ್ರದ ತವರು ಇದೇ ಊರು.

ಹೊತ್ತಿನ ವಿಚಾರ ಹೇಳಲೇಬೇಕು. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಕುಳಿತೆಯೋ ಊಟ, ತಪ್ಪಿತೋ ರಾತ್ರಿ ಏಳರವರೆಗೆ ಅಡುಗೆಮನೆಯ ಬಾಗಿಲು ತೆರೆಯದು. ಆದರೆ ಒಮ್ಮೆ ಕುಳಿತರೆ ಏಳು ಎನ್ನುವವರಿಲ್ಲ. ನಾವೇ ಕೇಳುವತನಕ ಬಿಲ್ ಬರುವುದಿಲ್ಲ. ಚೀಸ್ ಬರುವುದು ಊಟವಾದ ಮೇಲೆ, ಸಿಹಿಗಿಂತ ಮೊದಲು. ಕೇಳಿದರೆ ಹೂಜಿಯಲ್ಲಿ ನಲ್ಲಿ ನೀರನ್ನು ದುಡ್ಡಿಲ್ಲದೆ ಕೊಡುತ್ತಾರೆ. ಅಂಗಡಿಯೊಳಗೆ ಕಾಲಿಡುತ್ತಲೇ 'ಬೋಂಜೂರ್' ಎನ್ನದೆ ಬೆಲೆ ಕೇಳಿದರೆ ಮಾತ್ರ ಮುಖ ಬಿಗಿಯುತ್ತದೆ. ಫ್ರೆಂಚರು ಗರ್ವಿಷ್ಠರು ಎಂಬ ದೂರಿನಲ್ಲಿ ಅರ್ಧಪಾಲು ಈ ಒಂದು ಮಾತು ಆಡದವರದ್ದೇ ಇರಬೇಕು.

ಈಗ ಆಸ್ಪತ್ರೆಗೆ ಬರುತ್ತೇನೆ. ಲಿಯೋನಿನಿಂದ ಉತ್ತರಕ್ಕೆ, ಬರ್ಗಂಡಿಯ ದ್ರಾಕ್ಷಿತೋಟಗಳ ನಡುವೆ ಬೋನ್ ಎಂಬ ಪುಟ್ಟ ಊರಿದೆ. ಬರ್ಗಂಡಿಯ ಡ್ಯೂಕನ ಮಂತ್ರಿಯಾಗಿದ್ದ ನಿಕೊಲಾ ರೊಲಾಂ ಮತ್ತವನ ಹೆಂಡತಿ ಗಿಗೊನ್ ಸೇರಿ 1443ರಲ್ಲಿ ಇಲ್ಲಿ ಬಡವರಿಗೊಂದು ಆಸ್ಪತ್ರೆ ಸ್ಥಾಪಿಸಿದರು. ನೂರು ವರ್ಷದ ಯುದ್ಧ ಸುತ್ತಲಿನ ಸೀಮೆಯನ್ನು ತಿಂದು ಮುಗಿಸಿದ್ದ ಕಾಲ ಅದು. ಹೊರಗೆ ಬಣ್ಣಬಣ್ಣದ ಹೆಂಚಿನ ಮಾಡು, ಒಳಗೆ ಉದ್ದನೆಯ ಹಜಾರ, ಎರಡೂ ಬದಿಗೆ ಕೆಂಪು ಪರದೆಯ ಮಂಚಗಳು. ಹಜಾರದ ಕೊನೆಯಲ್ಲೇ ದೇವರ ಪೀಠ. ರೋಗಿ ಏಳಬೇಕಿಲ್ಲ, ಮಲಗಿದಲ್ಲಿಂದಲೇ ಪೂಜೆ ಕಾಣಬೇಕು ಎಂಬ ಲೆಕ್ಕ. ನೆಲದ ಹಾಸಿನಲ್ಲಿ ಗಂಡ–ಹೆಂಡಿರ ಹೆಸರಿನ ಮೊದಲಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿವೆ. 'ನೀವೂ ಇದ್ದೀರಿ, ನಮ್ಮ ಮನೆಯ ಗೇಟಿನ ಮೇಲೆ ನಿಮ್ಮೊಬ್ಬರದೇ ಹೆಸರು' ಎಂದು ನಮ್ಮವಳು ಚುಚ್ಚಿದ್ದನ್ನು ಅತ್ತಿಗೆಗೆ ಹೇಳಬೇಡ. ಅವರೂ ನಿನ್ನ ಗೇಟನ್ನು ನೋಡಿಯಾರು.

ಪೀಠದ ಮೇಲಿದ್ದ ಚಿತ್ರ ರೊಗಿಯರ್ ವಾನ್ ಡರ್ ವೇಡನ್ನನದು, ಕೊನೆಯ ತೀರ್ಪಿನ ದಿನದ್ದು. ನಡುವೆ ತಕ್ಕಡಿ ಹಿಡಿದ ದೇವದೂತ, ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ಮುಖ ಕಿವಿಚಿಕೊಂಡು ನರಕಕ್ಕೆ ಉರುಳುವವರು. ಕಾಯಿಲೆಯವನ ಮುಂದೆ ಇಂಥದ್ದನ್ನು ಇಡುವುದೇ? ಜ್ವರದಲ್ಲಿ ಮಲಗಿದವನಿಗೆ ಯಮನ ತಕ್ಕಡಿ ತೋರಿಸುವ ಔಷಧ ನನಗಂತೂ ಹಿಡಿಸಲಿಲ್ಲ. ವಾರದ ದಿನಗಳಲ್ಲಿ ಅದನ್ನು ಮುಚ್ಚಿಟ್ಟು ಭಾನುವಾರ, ಹಬ್ಬಗಳಂದು ಮಾತ್ರ ತೆರೆಯುತ್ತಿದ್ದರಂತೆ, ಅಷ್ಟು ಪುಣ್ಯ. ಆದರೆ ಒಂದು ಮಾತಿಗೆ ತಲೆಬಾಗಿದೆ: ಈ ಆಸ್ಪತ್ರೆ 1971ರವರೆಗೆ ಈ ಕಟ್ಟಡದಲ್ಲೇ ನಡೆಯಿತು. ಖರ್ಚಿಗೆ ಆಧಾರವಾದದ್ದರಲ್ಲಿ ದಾನಿಗಳು ಬಿಟ್ಟುಕೊಟ್ಟ ದ್ರಾಕ್ಷಿತೋಟಗಳೂ ಇವೆ. ಆ ತೋಟಗಳ ವೈನನ್ನು 1859ರಿಂದ ಹರಾಜು ಹಾಕುತ್ತ ಬಂದಿದ್ದಾರೆ, ಈಗ ಪ್ರತಿ ನವೆಂಬರಿನ ಮೂರನೆಯ ಭಾನುವಾರ. ಕುಡಿತ ಬಿಡು ಎಂದು ರೋಗಿಗಳಿಗೆ ಬೈಯುವ ನೀನು ಈ ಲೆಕ್ಕವನ್ನು ಹೇಗೆ ಬಗೆಹರಿಸುತ್ತೀಯೋ ನೋಡೋಣ. ಆ ಸೀಸೆಗಳು ನನ್ನ ಪಿಂಚಣಿಗೆ ನಿಲುಕುವಂಥವಲ್ಲ. ಸಂತೆ ಚೌಕದಲ್ಲಿ ಸಾದಾ ಕೆಂಪು ವೈನ್ ಒಂದು ಲೋಟ, ಬಿಸಿಬಿಸಿ ಚೀಸ್ ಬೋಂಡದಂತಿರುವ ಗೂಜೇರ್ ನಾಲ್ಕು, ಅಷ್ಟರಲ್ಲೇ ತೃಪ್ತನಾದೆ.

ಈಗ ನಾವಿರುವುದು ಅಲ್ಸಾಸ್ ಸೀಮೆಯ ಕೊಲ್ಮಾರ್‌ನಲ್ಲಿ, ಜರ್ಮನಿಯ ಗಡಿಗೆ ಹತ್ತಿರ. ನಿನಗೆ ಬರೆಯಲು ಕೂರಿಸಿದ್ದೇ ಇಲ್ಲಿನ ಚಿತ್ರ. ಹಳೆಯ ಕ್ರೈಸ್ತ ಸನ್ಯಾಸಿನಿಯರ ಮಠವೊಂದು ಈಗ ಉಂಟರ್‌ಲಿಂಡನ್ ಮ್ಯೂಸಿಯಂ ಆಗಿದೆ. ಗ್ರೂನೆವಾಲ್ಡ್ 1512ರಿಂದ 1516ರವರೆಗೆ ಬರೆದ ಇಸೆನ್‌ಹೈಮ್ ಪೀಠಚಿತ್ರ ಇರುವುದು ಅಲ್ಲಿ. ಶಿಲುಬೆಯ ಮೇಲಿನ ಕ್ರಿಸ್ತನನ್ನು ನಾವು ನೋಡಿದ್ದೆಲ್ಲ ಬೆಳ್ಳನೆಯ, ಶಾಂತ ಮೈಯವನು. ಇಲ್ಲಿ ಮೈ ಹಸಿರುಗಟ್ಟಿದೆ, ತುಂಬ ಗಾಯಗಳಿವೆ, ಬೆರಳುಗಳು ಸೆಟೆದು ಆಕಾಶವನ್ನು ಪರಚುತ್ತಿವೆ. ನಮ್ಮವಳು ಸ್ವಲ್ಪ ಹೊತ್ತು ಮುಖ ತಿರುಗಿಸಿ ನಿಂತಳು, ಮತ್ತೆ ತಾನಾಗಿಯೇ ಹತ್ತಿರ ಹೋದಳು.

ಇಸೆನ್‌ಹೈಮ್ ಮಠದ ಸನ್ಯಾಸಿಗಳು ನೋಡಿಕೊಳ್ಳುತ್ತಿದ್ದದ್ದು 'ಸಂತ ಆಂಟನಿಯ ಬೆಂಕಿ' ಎಂಬ ರೋಗದವರನ್ನು. ಕೈಕಾಲು ಉರಿದು, ಕಪ್ಪಾಗಿ, ಕೊಳೆತು ಬೀಳುತ್ತಿದ್ದವು, ಕೆಲವರಿಗೆ ಭ್ರಮೆ ಹಿಡಿಯುತ್ತಿತ್ತು. ಕಾರಣ ಬ್ರೆಡ್ಡು! ಬಡವರ ಧಾನ್ಯವಾದ ರೈಯ ತೆನೆಗೆ ಹಸಿ ಹವೆಯಲ್ಲಿ ಹತ್ತುವ ಎರ್ಗಟ್ ಎಂಬ ಬೂಷ್ಟು ಹಿಟ್ಟಿನಲ್ಲಿ ಸೇರಿ ಬರುತ್ತಿತ್ತು. ನಮ್ಮ ಸಜ್ಜೆಗೂ ಇದರ ದಾಯಾದಿಯೊಂದು ಹತ್ತುತ್ತದೆ ಎನ್ನುವುದು ನಿನಗೆ ಗೊತ್ತು. ಸನ್ಯಾಸಿಗಳಿಗೆ ಬೂಷ್ಟಿನ ವಿಷಯ ತಿಳಿದಿರಲಿಲ್ಲ. ಆದರೆ ರೋಗಿಗಳಿಗೆ ಒಳ್ಳೆಯ ಗೋಧಿ ಬ್ರೆಡ್ಡು ಕೊಡುತ್ತಿದ್ದರು, ಹಂದಿಕೊಬ್ಬಿನಲ್ಲಿ ಗಿಡಮೂಲಿಕೆ ಕಲಸಿ ಹಚ್ಚುತ್ತಿದ್ದರು, ಬೇರೆ ದಾರಿಯಿಲ್ಲದಿದ್ದರೆ ಅಂಗ ಕತ್ತರಿಸುತ್ತಿದ್ದರು. ಹೊಸದಾಗಿ ಬಂದವನನ್ನು ಮೊದಲು ಈ ಚಿತ್ರದ ಮುಂದೆ ಕರೆತರುತ್ತಿದ್ದರಂತೆ. ಬೋನ್‌ನಲ್ಲಿ ನನಗೆ ಬಂದ ಸಿಟ್ಟು ಇಲ್ಲಿ ಬರಲಿಲ್ಲ. ಆ ಚಿತ್ರ ರೋಗಿಯ ತಪ್ಪುಗಳನ್ನು ತೂಗುತ್ತದೆ, ಈ ಚಿತ್ರದಲ್ಲಿ ದೇವರೇ ರೋಗಿಯಾಗಿದ್ದಾನೆ. ರೆಕ್ಕೆಗಳಂಥ ಬಾಗಿಲು ತೆರೆದರೆ ಒಳಗೆ ಅದೇ ದೇಹ ಗಾಯ ಮಾಯ್ದು ಕಿತ್ತಳೆ ಬಣ್ಣದ ಪ್ರಭೆಯಲ್ಲಿ ಮೇಲೇಳುತ್ತಿದೆ. ಈಗ ಹಲಗೆಗಳನ್ನು ಬಿಡಿಸಿ ನಿಲ್ಲಿಸಿರುವುದರಿಂದ ಸುತ್ತಲೂ ನಡೆದು ಎಲ್ಲವನ್ನೂ ಒಂದೇ ದಿನ ನೋಡಬಹುದು.

ಇನ್ನೊಂದು ತಮಾಷೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸಲು ನೀನು ಕೊಡುತ್ತಿದ್ದ ಎರ್ಗೊಮೆಟ್ರಿನ್ ಇಂಜೆಕ್ಷನ್ ಬಂದದ್ದು ಇದೇ ಬೂಷ್ಟಿನಿಂದ. ಇಲ್ಲಿಂದ ರೈಲಿನಲ್ಲಿ ಒಂದು ತಾಸೂ ಇಲ್ಲದ ಬಾಸೆಲ್‌ನಲ್ಲಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ತಯಾರಿಸಿದ್ದೂ ಇದರ ಸಾರದ ಬೆನ್ನು ಹತ್ತಿಯೇ. ಸಂತ ಆಂಟನಿಯನ್ನು ಪಿಶಾಚಿಗಳು ಎಳೆದಾಡುವ ಹಲಗೆಯನ್ನು ನೋಡಿದಾಗ ಅದು ನನಗೆ ಆಶ್ಚರ್ಯವೆನ್ನಿಸಲಿಲ್ಲ.

ಹೊರಗೆ ಬಂದವರೇ ಲೌಖ್ ಹೊಳೆಯ ದಂಡೆಯ ಮಾರುಕಟ್ಟೆಗೆ ಹೋಗಿ ರೈ ಬ್ರೆಡ್ಡನ್ನೇ ಕೊಂಡೆವು. ಕಪ್ಪಗೆ, ತುಸು ಹುಳಿ. ಜೀರಿಗೆಯಂಥ ಕಾಳು ಉದುರಿಸಿಕೊಂಡು ತಿನ್ನುವ ಮುನ್ಸ್ಟರ್ ಚೀಸ್ ಜೊತೆಗೆ ಬಲು ರುಚಿ. ಚೀಸಿನ ವಾಸನೆ ಮಾತ್ರ ಹೋಟೆಲಿನ ಕೋಣೆಯನ್ನು ಇನ್ನೂ ಬಿಟ್ಟಿಲ್ಲ.

ಮುಂದೆ ದಕ್ಷಿಣಕ್ಕೆ, ನೀಸ್ ಊರಿನ ಹತ್ತಿರದ ವಾನ್ಸ್‌ಗೆ. ಅಲ್ಲಿ ಚಿತ್ರಕಾರ ಮತೀಸ್ ರೂಪಿಸಿದ ಪ್ರಾರ್ಥನಾ ಮಂದಿರವಿದೆ, 1951ರಲ್ಲಿ ಮುಗಿದದ್ದು. ಇದರ ಹಿಂದೆಯೂ ಕಾಯಿಲೆಯೇ. 1941ರಲ್ಲಿ ಲಿಯೋನಿನಲ್ಲಿ ಅವನಿಗೆ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಶುಶ್ರೂಷೆ ಮಾಡಿದ ಹುಡುಗಿ ಮುಂದೆ ಸನ್ಯಾಸಿನಿಯಾದಳು, ಅವಳ ಕೋರಿಕೆಯಿಂದ ಶುರುವಾದ ಕೆಲಸ ಇದು. ಎಪ್ಪತ್ತು ದಾಟಿದ ಮುದುಕ ಉದ್ದನೆಯ ಬಿದಿರುಕೋಲಿನ ತುದಿಗೆ ಇದ್ದಿಲು ಕಟ್ಟಿಕೊಂಡು ರೇಖೆ ಎಳೆದ. ಶಸ್ತ್ರಚಿಕಿತ್ಸೆಯ ನಂತರ ಹದಿಮೂರು ವರ್ಷ ಬದುಕಿದ. ಆ ಕಾಲದಲ್ಲಿ ಅಂಥ ರೋಗಿ ಅಷ್ಟು ವರ್ಷ ಉಳಿಯುವುದು ಎಷ್ಟು ಅಪರೂಪ? ಪುಸ್ತಕ ತಿರುವಿಯಾದರೂ ಬರೆ. ವಾನ್ಸ್ ತಲುಪುವ ಮೊದಲೇ ಉತ್ತರ ಬಂದರೆ ಒಳ್ಳೆಯದು.

ನಿನ್ನವನೇ