ಮೆತ್ತಗೆ ಹೇಳಿದ್ದು ಮುಟ್ಟಲಿಲ್ಲ

ಸಂಪಾದಕರೇ,

ಬರವಣಿಗೆ ಕಲಿಸುವವರು ‘ಮೊದಲ ಸಾಲಲ್ಲೇ ವಿಷಯಕ್ಕೆ ಬನ್ನಿ’ ಅಂತ ಎಲ್ಲರಿಗೂ ಒಂದೇ ಪಾಠ ಹೇಳುತ್ತಾರೆ. ಅದು ಇಂಗ್ಲಿಷ್ ಬರಹದ ರೂಢಿ, ಲೋಕದ ನಿಯಮವೇನಲ್ಲ. ಜಪಾನಿನಲ್ಲಿ ಕಿ-ಶೋ-ತೆನ್-ಕೆತ್ಸು ಅಂತ ಒಂದು ಕ್ರಮವಿದೆ: ಶುರು, ಬೆಳವಣಿಗೆ, ಥಟ್ಟನೆ ಒಂದು ತಿರುವು, ಆಮೇಲೆ ಮುಕ್ತಾಯ. ಆ ತಿರುವು ಕಂಡ ಕೂಡಲೇ ‘ಇವನು ವಿಷಯ ಬಿಟ್ಟು ಎಲ್ಲಿಗೋ ಹೋದ’ ಅಂತ ಕೆಂಪು ಗೆರೆ ಎಳೆದರೆ ತಪ್ಪು ಯಾರದು? ಜಾನ್ ಹೈಂಡ್ಸ್ ಎಂಬ ಭಾಷಾ ಸಂಶೋಧಕರು 1987ರಲ್ಲೇ ಹೇಳಿದ್ದರು, ಇಂಗ್ಲಿಷಿನಲ್ಲಿ ಅರ್ಥ ಮಾಡಿಸುವ ಹೊಣೆ ಬರೆದವರದು, ಜಪಾನಿ ಭಾಷೆಯಲ್ಲಿ ಜಾಸ್ತಿ ಪಾಲು ಓದುವವರದು ಅಂತ.

ಸಲಹೆ ಕೊಡುವಾಗಂತೂ ಇದು ಇನ್ನೂ ತೊಡಕು. ‘ಹೀಗೆ ಮಾಡಿ’ ಅಂದರೆ ಒಬ್ಬರಿಗೆ ಸ್ಪಷ್ಟ, ಇನ್ನೊಬ್ಬರಿಗೆ ಒರಟು. ಒಮ್ಮೆ ಹೊರದೇಶದ ಸಹೋದ್ಯೋಗಿಯ ವರದಿ ಓದಿ ‘ಮೂರನೇ ಪುಟ ಇನ್ನೊಮ್ಮೆ ನೋಡಬಹುದೇನೋ’ ಅಂತ ಮೆತ್ತಗೆ ಬರೆದೆ. ‘ನೋಡಿದೆ, ಚೆನ್ನಾಗಿದೆ, ಥ್ಯಾಂಕ್ಸ್’ ಅಂತ ಉತ್ತರ ಬಂತು. ನಾನು ಹೇಳಿದ್ದು ‘ಲೆಕ್ಕ ತಪ್ಪಿದೆ, ತಿದ್ದಿ’ ಅಂತ! ವರದಿ ಹಾಗೇ ಅಚ್ಚಾಯ್ತು.

ಇತಿ,
ನಿಮ್ಮ ಓದುಗ