ಹದಿನೈದು ದಿನ ಸೋರಿದ್ದು ‘ಅಬ್ರಪ್ಟ್’ ಹೇಗೆ?

ಮಾನ್ಯರೇ,

ಮೂರನೇ ಅಡ್ಡರಸ್ತೆಯ ನೀರಿನ ಪೈಪ್ ಒಡೆದ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ನೋಡಿದೆ. ‘ಅಬ್ರಪ್ಟ್ ಆಗಿ ಆಯ್ತು, ನಾವೇನು ಮಾಡೋಕಾಗುತ್ತೆ’ ಎಂದ ಎಂಜಿನಿಯರ್ ಸಾಹೇಬರ ಮಾತನ್ನು ನೀವೂ ಹಾಗೇ ಅಚ್ಚು ಹಾಕಿದ್ದೀರಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಓದಿ ಮೈ ಉರಿಯಿತು.

ಅಬ್ರಪ್ಟ್ ಅಂದರೆ ಯಾರೂ ಎಣಿಸದೆ ಇದ್ದಾಗ ಥಟ್ಟನೆ ಆದದ್ದು. ಈ ಪೈಪ್ ಹದಿನೈದು ದಿನದಿಂದ ಸೋರುತ್ತಿತ್ತು. ನಾನೇ ಎರಡು ಸಲ ಅರ್ಜಿ ಕೊಟ್ಟಿದ್ದೆ. ಆ ಪದದ ಮೂಲ ಲ್ಯಾಟಿನ್. ‘ರುಂಪೆರೆ’ ಅಂದರೆ ಮುರಿ. ಅದಕ್ಕೆ ‘ಅಬ್’ ಸೇರಿ ‘ಅಬ್ರುಪ್ಟುಸ್’, ಮುರಿದು ಬೇರೆಯಾದದ್ದು. ಆ ಲೆಕ್ಕದಲ್ಲಿ ಪೈಪ್ ಅಬ್ರಪ್ಟ್ ಆಗಿದೆ, ಒಪ್ಪಿದೆ! ಇಂಟರಪ್ಟ್, ಕರಪ್ಟ್ ಎರಡೂ ಇದೇ ಮನೆತನದ ಪದಗಳು. ಎರಡನೆಯದನ್ನು ಸಾಹೇಬರಿಗೆ ನಾನು ಬಿಡಿಸಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ನಲ್ಲಿ ಒಣಗಿ ನಾಲ್ಕು ದಿನ. ಟ್ಯಾಂಕರ್‌ನವನು 900 ರೂಪಾಯಿ ಕೇಳಿದ. ದೋಸೆ ಹಿಟ್ಟು ರುಬ್ಬಿದ ಗ್ರೈಂಡರ್ ತೊಳೆಯೋಕೆ ನೀರಿಲ್ಲದೆ ಅಡುಗೆಮನೆಯೆಲ್ಲ ಹುಳಿ ವಾಸನೆ. ಕಚೇರಿಗೆ ಹೋದರೆ ಗುಮಾಸ್ತರು ಮೊಬೈಲಿನಿಂದ ತಲೆ ಎತ್ತದೆ ‘ಬಂದಾಗ ಬರುತ್ತೆ’ ಅಂದರು. ಕಡ್ಡಿ ಮುರಿದ ಹಾಗೆ. ಇಂಥ ಮಾತಿಗೂ ಇಂಗ್ಲಿಷಿನಲ್ಲಿ ಅಬ್ರಪ್ಟ್ ಅಂತಲೇ ಹೇಳುತ್ತಾರೆ. ಅಲ್ಲೂ ಮುರಿಯೋದೇ, ಇಲ್ಲೂ ಮುರಿಯೋದೇ.

ಈಗ ತೋಡಿಟ್ಟ ಗುಂಡಿಯ ಅಂಚೂ ಅಬ್ರಪ್ಟ್. ಕಡಿದಾದದ್ದು ಅನ್ನೋ ಅರ್ಥವೂ ಆ ಪದಕ್ಕಿದೆ. ಕಡಿದಾದ ಬೆಟ್ಟಕ್ಕೂ ಇಂಗ್ಲಿಷಿನಲ್ಲಿ ಅಬ್ರಪ್ಟ್ ಅನ್ನಬಹುದು. ಆದರೆ ಬೆಟ್ಟ ಕಣ್ಣಿಗೆ ಕಾಣುತ್ತದೆ. ಈ ಗುಂಡಿಗೆ ಒಂದು ಹಗ್ಗ ಕಟ್ಟಿಲ್ಲ, ದೀಪವಂತೂ ಇಲ್ಲ. ಮೊನ್ನೆ ರಾತ್ರಿ ನನ್ನ ಒಂದು ಚಪ್ಪಲಿ ಅದರೊಳಗೆ ಹೋಯಿತು. ದೀಪ ಅಂದಾಗ ನೆನಪಾಯಿತು, ನಮ್ಮ ತಿರುವಿನ ಬೀದಿದೀಪ ಕೆಟ್ಟು ಮೂರು ವರ್ಷ. ಅದೂ ಅಬ್ರಪ್ಟಾ? ಖಾತೆ ಮಾಡಿಸೋಕೆ ಅಲೆದ ಎಂಟು ತಿಂಗಳ ಕಥೆ ಈಗ ಬೇಡ, ಬರೆದರೆ ನಿಮ್ಮ ಪುಟ ಸಾಲೋದಿಲ್ಲ.

ಮೊದಲು ನೀರು ಬಿಡಲಿ. ಗುಂಡಿ ಮುಚ್ಚಲಿ. ನನ್ನ ಎರಡು ಅರ್ಜಿ ಎಲ್ಲಿ ಹೋದವು ಅಂತಲೂ ಹೇಳಲಿ. ಅದೂ ಆಗದಿದ್ದರೆ ಸಾಹೇಬರು ಒಂದು ನಿಘಂಟು ಕೊಂಡುಕೊಳ್ಳಲಿ, ಸ್ವಂತ ದುಡ್ಡಿನಲ್ಲಿ. ಥೂ, ಸ್ವಲ್ಪ ನಾಚಿಕೆಯಾದರೂ ಬೇಡವಾ ಇವರಿಗೆ?

– ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಮೂರನೇ ಅಡ್ಡರಸ್ತೆ